ಮಾತಾಡುತ್ತಲೇ ಓಡಿ: ಮೊದಲ ಒಂದು ನಿಮಿಷದಿಂದ ಮ್ಯಾರಥಾನ್‌ವರೆಗೆ

ಓಡಲು ಶುರು ಮಾಡಿ ಎರಡೇ ವಾರದಲ್ಲಿ ಬಿಟ್ಟವರನ್ನು ಕೇಳಿ ನೋಡಿ. ಹೆಚ್ಚಿನವರು ಹೇಳುವುದು ಒಂದೇ ಮಾತು: "ಉಸಿರೇ ಸಿಗಲ್ಲ, ಇದು ನನ್ನ ಮೈಗೆ ಆಗಿಬರಲ್ಲ." ಅವರ ಮೈಯಲ್ಲಿ ಏನೂ ತಪ್ಪಿಲ್ಲ. ಅವರು ಜೋರಾಗಿ ಓಡಿದರು, ಅಷ್ಟೇ. ನಮಗೆಲ್ಲ ಶಾಲೆಯಲ್ಲಿ ಪರಿಚಯವಾದ ಓಟ ನೂರು ಮೀಟರಿನದು. ಸೀಟಿ ಊದಿದರೆ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಓಡುವುದು. ಆ ಅಭ್ಯಾಸವನ್ನೇ ಇಟ್ಟುಕೊಂಡು ಐದು ಕಿಲೋಮೀಟರ್ ಓಡಲು ಹೋದರೆ ಐನೂರು ಮೀಟರಿಗೇ ಏದುಸಿರು ಬರುತ್ತದೆ.

ದೂರದ ಓಟ ಬೇರೆಯೇ ವಿದ್ಯೆ. ಅದರಲ್ಲಿ ಮೊದಲು ಕಲಿಯಬೇಕಾದದ್ದು ನಿಧಾನವಾಗಿ ಓಡುವುದನ್ನು. ಹೇಳೋಕೆ ಸುಲಭ, ಮಾಡೋಕೆ ಕಷ್ಟ. ಅದಕ್ಕೇ ಈ ಲೇಖನದಲ್ಲಿ ಆ ಒಂದು ವಿಷಯಕ್ಕೆ ಮತ್ತೆ ಮತ್ತೆ ಬರುತ್ತೇನೆ.

ಹೊರಡುವ ಮುನ್ನ

ನಿಮಗೆ ಹೃದಯದ ತೊಂದರೆ, ಬಿಪಿ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಮೊದಲು ವೈದ್ಯರನ್ನು ಕಂಡು ಬನ್ನಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದರೆ, ಅಥವಾ ಹಲವು ವರ್ಷಗಳಿಂದ ಮೈ ಅಲುಗಿಸದೆ ಕೂತಿದ್ದರೆ, ಆಗಲೂ ಅಷ್ಟೇ. ಓಡುವಾಗ ಎದೆನೋವು, ಎದೆ ಹಿಂಡಿದಂತಾಗುವುದು, ತಲೆ ಸುತ್ತು ಬಂದರೆ ಅಲ್ಲೇ ನಿಲ್ಲಿಸಿ. "ಸ್ವಲ್ಪ ಹೊತ್ತಲ್ಲಿ ಸರಿಹೋಗುತ್ತೆ" ಅಂತ ಮುಂದುವರಿಸಬೇಡಿ.

ಬೇಕಾದ ಸಾಮಾನು ಬಹಳ ಕಡಿಮೆ. ಕಾಲಿಗೆ ಸರಿಯಾಗಿ ಕೂರುವ ಒಂದು ಜೊತೆ ಓಟದ ಶೂ, ಬೆವರು ಹಿಡಿದುಕೊಳ್ಳದ ಬಟ್ಟೆ ಮತ್ತು ಕಾಲುಚೀಲ. ಹೆಂಗಸರಿಗೆ ಗಟ್ಟಿಯಾಗಿ ಹಿಡಿಯುವ ಸ್ಪೋರ್ಟ್ಸ್ ಬ್ರಾ. ಶೂ ಕೊಳ್ಳಲು ಸಂಜೆ ಹೋಗಿ. ದಿನವಿಡೀ ಓಡಾಡಿದ ಕಾಲು ಸಂಜೆ ಹೊತ್ತಿಗೆ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ. ಹೆಬ್ಬೆರಳಿನ ಮುಂದೆ ಅರ್ಧ ಬೆರಳಿನಷ್ಟು ಜಾಗ ಇರಲಿ. ಅಂಗಡಿಯಲ್ಲೇ ಹಾಕಿಕೊಂಡು ನಾಲ್ಕು ಹೆಜ್ಜೆ ಓಡಿ ನೋಡಿ. ಎಲ್ಲಾದರೂ ಒತ್ತಿದರೆ ಆ ಶೂ ಬೇಡ. ಮುಂದೆ ಸರಿಹೋಗುತ್ತದೆ ಅನ್ನುವ ಮಾತನ್ನು ನಂಬಬೇಡಿ. ಕಾರ್ಬನ್ ಪ್ಲೇಟ್ ಇರುವ ದುಬಾರಿ ರೇಸ್ ಶೂ ಹೊಸಬರಿಗೆ ಬೇಕಿಲ್ಲ. ಒಂದು ಜೊತೆ ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ಕೊಂಡ ದಿನವನ್ನು ಬರೆದಿಟ್ಟುಕೊಳ್ಳಿ.

"ಬರಿಗಾಲಲ್ಲೇ ಓಡಿ ಚಿನ್ನ ಗೆದ್ದವರಿಲ್ವಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇದ್ದಾರೆ. ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಗೆದ್ದರು. ಅದೇ ಬಿಕಿಲ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು 2:12:11ಕ್ಕೆ ಮುಗಿಸಿ ಮತ್ತೆ ಚಿನ್ನ ಗೆದ್ದರು. ಅವರ ಅಂಗಾಲು ವರ್ಷಗಟ್ಟಲೆ ಪಳಗಿತ್ತು. ನಿನ್ನೆಯವರೆಗೆ ಕುರ್ಚಿಯಲ್ಲಿ ಕೂತಿದ್ದ ಕಾಲು ಅದಲ್ಲ.

ಮೊದಲ ಹತ್ತು ವಾರ

ವಾರಕ್ಕೆ ಮೂರು ದಿನ ಸಾಕು. ಎರಡು ಓಟಗಳ ನಡುವೆ ಒಂದು ದಿನ ಬಿಡಿ. ಪ್ರತಿ ಸಲ ಐದು ನಿಮಿಷ ಚುರುಕಾಗಿ ನಡೆದು ಮೈ ಬಿಸಿ ಮಾಡಿಕೊಳ್ಳಿ, ಕೊನೆಯಲ್ಲಿ ಐದು ನಿಮಿಷ ನಡೆದು ಮುಗಿಸಿ. ನಡುವಿನ ಕೆಲಸ ಹೀಗೆ:

1ನೇ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ, 8 ಸಲ
2ನೇ ವಾರ: 2 ನಿಮಿಷ ಓಟ, 2 ನಿಮಿಷ ನಡಿಗೆ, 6 ಸಲ
3ನೇ ವಾರ: 3 ನಿಮಿಷ ಓಟ, 2 ನಿಮಿಷ ನಡಿಗೆ, 5 ಸಲ
4ನೇ ವಾರ: 3 ನಿಮಿಷ ಓಟ, 1 ನಿಮಿಷ ನಡಿಗೆ, 6 ಸಲ
5ನೇ ವಾರ: 5 ನಿಮಿಷ ಓಟ, 2 ನಿಮಿಷ ನಡಿಗೆ, 4 ಸಲ
6ನೇ ವಾರ: 8 ನಿಮಿಷ ಓಟ, 2 ನಿಮಿಷ ನಡಿಗೆ, 3 ಸಲ
7ನೇ ವಾರ: 12 ನಿಮಿಷ ಓಟ, 2 ನಿಮಿಷ ನಡಿಗೆ, 2 ಸಲ
8ನೇ ವಾರ: 15 ನಿಮಿಷ ಓಟ, 2 ನಿಮಿಷ ನಡಿಗೆ, 2 ಸಲ
9ನೇ ವಾರ: 25 ನಿಮಿಷ ನಿಲ್ಲದೆ
10ನೇ ವಾರ: 30 ನಿಮಿಷ ನಿಲ್ಲದೆ

ಯಾವುದಾದರೂ ವಾರ ಕಷ್ಟ ಅನ್ನಿಸಿದರೆ ಅದನ್ನೇ ಇನ್ನೊಂದು ವಾರ ಮಾಡಿ. ಹತ್ತು ವಾರದ್ದು ಹದಿನಾಲ್ಕು ವಾರ ಆದರೂ ನಷ್ಟವೇನಿಲ್ಲ. ಆದರೆ ಸುಲಭ ಅನ್ನಿಸಿತು ಅಂತ ಒಂದು ವಾರವನ್ನು ಹಾರಿಸಬೇಡಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಈಗ ವೇಗದ ಮಾತು. ಗಡಿಯಾರ ನೋಡಬೇಡಿ. ಓಡುತ್ತಾ ಪಕ್ಕದಲ್ಲಿರುವವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಒಬ್ಬರೇ ಇದ್ದರೆ ನಿನ್ನೆ ಏನೇನು ಮಾಡಿದಿರಿ ಅಂತ ನಿಮಗೆ ನೀವೇ ಜೋರಾಗಿ ಹೇಳಿಕೊಳ್ಳಿ. ಮೂರು ಪದಕ್ಕೊಮ್ಮೆ ಉಸಿರು ಎಳೆಯಬೇಕಾಗಿ ಬಂದರೆ ವೇಗ ಜಾಸ್ತಿಯಾಗಿದೆ ಎಂದೇ ಅರ್ಥ, ಇಳಿಸಿ. ಶುರುವಿನಲ್ಲಿ ಈ ವೇಗ ಚುರುಕು ನಡಿಗೆಗಿಂತ ಸ್ವಲ್ಪವೇ ಹೆಚ್ಚಿರಬಹುದು. ಪಕ್ಕದಲ್ಲಿ ನಡೆಯುವವರು ನಿಮ್ಮನ್ನು ದಾಟಿ ಹೋಗಬಹುದು. ಹೋಗಲಿ ಬಿಡಿ.

ಓಡುವ ಭಂಗಿಯ ಬಗ್ಗೆ ಸಾವಿರ ಸಲಹೆ ಸಿಗುತ್ತವೆ. ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದೇ: ಹೆಜ್ಜೆ ಚಿಕ್ಕದಿರಲಿ. ಪಾದ ಮೈಯಿಂದ ತುಂಬಾ ಮುಂದಕ್ಕೆ ಹೋಗಿ ಬಿದ್ದರೆ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದ ಹಾಗೆ. ಆ ಪೆಟ್ಟು ನೇರವಾಗಿ ಮೊಣಕಾಲಿಗೆ ಹೋಗುತ್ತದೆ. ನಿಮಿಷಕ್ಕೆ 180 ಹೆಜ್ಜೆ ಇರಲೇಬೇಕು ಅನ್ನುವುದು ನಿಯಮವಲ್ಲ. ಅದು ರೇಸಿನಲ್ಲಿ ವೇಗವಾಗಿ ಓಡುತ್ತಿದ್ದ ದೊಡ್ಡ ಓಟಗಾರರನ್ನು ನೋಡಿ ಹುಟ್ಟಿದ ಸಂಖ್ಯೆ. ಭುಜ ಸಡಿಲ ಬಿಡಿ, ಮುಷ್ಟಿ ಬಿಗಿ ಹಿಡಿಯಬೇಡಿ, ಉಳಿದದ್ದನ್ನು ಕಾಲೇ ಕಲಿಯುತ್ತದೆ.

ನಿಧಾನ ಯಾಕೆ?

ನಿಧಾನವಾಗಿ ಓಡುವಾಗ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಒಳಗೆ ಬಹಳಷ್ಟು ಆಗುತ್ತಿರುತ್ತದೆ. ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಹೆಚ್ಚುತ್ತದೆ. ಸ್ನಾಯುಗಳ ಸುತ್ತ ಕೂದಲಿಗಿಂತ ಸಣ್ಣ ಹೊಸ ರಕ್ತನಾಳಗಳು ಬೆಳೆಯುತ್ತವೆ. ಸ್ನಾಯುವಿನ ಜೀವಕೋಶಗಳಲ್ಲಿ ಆಮ್ಲಜನಕ ಬಳಸಿ ಶಕ್ತಿ ಮಾಡುವ ಮೈಟೋಕಾಂಡ್ರಿಯಾ ಹೆಚ್ಚಾಗುತ್ತವೆ. ಕೊಬ್ಬನ್ನು ಉರುವಲಾಗಿ ಬಳಸುವುದನ್ನು ಮೈ ಕಲಿಯುತ್ತದೆ. ಈ ಕೆಲಸಗಳಿಗೆ ಬೇಕಾದದ್ದು ಹೆಚ್ಚು ಹೊತ್ತು ಓಡುವುದು. ಮಾತಾಡುವ ವೇಗದಲ್ಲಿ ಮಾತ್ರ ಅಷ್ಟು ಹೊತ್ತು ಓಡಿ, ಒಂದು ದಿನ ಬಿಟ್ಟು ಮತ್ತೆ ಓಡಲು ಆಗುತ್ತದೆ.

ಇನ್ನೂ ದೊಡ್ಡ ಕಾರಣ ಒಂದಿದೆ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಮೂಳೆಗೆ, ಸ್ನಾಯುವನ್ನು ಮೂಳೆಗೆ ಕಟ್ಟಿರುವ ನಾರುಗಳಿಗೆ ತಿಂಗಳುಗಳೇ ಬೇಕು. ಈ ಅಂತರದಲ್ಲೇ ಹೊಸಬರು ಗಾಯ ಮಾಡಿಕೊಳ್ಳುವುದು. ಆರನೇ ವಾರಕ್ಕೆ ಉಸಿರು "ಇನ್ನೂ ಓಡು" ಅನ್ನುತ್ತದೆ, ಕಾಲು ಇನ್ನೂ ತಯಾರಾಗಿರುವುದಿಲ್ಲ.

ಇದು ನನಗೆ ಆಗಿದ್ದೇ. ಮೊದಲ ಎರಡು ತಿಂಗಳು ಚೆನ್ನಾಗಿ ಹೋಯಿತು. ಮೈ ಹಗುರ ಅನ್ನಿಸಿತು. ಒಂದೇ ವಾರದಲ್ಲಿ ದೂರವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿದೆ. ಹತ್ತನೇ ದಿನಕ್ಕೆ ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಉದ್ದಕ್ಕೂ ನೋವು. ಬೆಳಿಗ್ಗೆ ಹಾಸಿಗೆಯಿಂದ ಇಳಿದರೆ ಮೊದಲ ಹೆಜ್ಜೆಗೇ ಗೊತ್ತಾಗುತ್ತಿತ್ತು. ಆದರೂ ಓಡಿದೆ. ಕೊನೆಗೆ ಆರು ವಾರ ಓಟ ನಿಂತುಹೋಯಿತು. ಆ ಆರು ವಾರ ಬೇರೆಯವರು ಓಡುವುದನ್ನು ನೋಡುತ್ತಾ ನಿಂತದ್ದು ಇವತ್ತಿಗೂ ನೆನಪಿದೆ. ನಿಮಗೆ ಹಾಗಾಗಬಾರದು. ಅದಕ್ಕೇ ವಾರ ಹಾರಿಸಬೇಡಿ ಎಂದದ್ದು.

ನೋವನ್ನು ಓದುವುದು

ಓಟ ಶುರು ಮಾಡಿದ ಮೇಲೆ ಎಲ್ಲೋ ಒಂದು ಕಡೆ ನೋಯುತ್ತಲೇ ಇರುತ್ತದೆ. ಎಲ್ಲ ನೋವೂ ಒಂದೇ ಅಲ್ಲ.

ಎರಡೂ ಕಾಲಿನ ತೊಡೆ, ಮೀನಖಂಡ ಸಮನಾಗಿ ನೋಯುತ್ತಿದ್ದು, ಎರಡು ದಿನದಲ್ಲಿ ಕಡಿಮೆಯಾದರೆ ಅದು ಕೆಲಸ ಮಾಡಿದ ನೋವು. ಓಡಬಹುದು. ಒಂದೇ ಕಾಲಿನಲ್ಲಿ, ಒಂದೇ ಜಾಗದಲ್ಲಿ ನೋವಿದ್ದು ಓಡುತ್ತಾ ಓಡುತ್ತಾ ಹೆಚ್ಚಾದರೆ ಅಂದಿನ ಓಟ ಅಲ್ಲಿಗೆ ಮುಗಿಯಿತು. ನೋವಿಗೆ ಕುಂಟುವಂತಾದರೂ ಹಾಗೇ. ಕುಂಟುತ್ತಾ ಓಡಿದರೆ ಇನ್ನೊಂದು ಕಾಲೂ ಕೆಡುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ಹಿಮ್ಮಡಿಯ ಕೆಳಗೆ ಚುಚ್ಚಿದಂತೆ ನೋವಾಗಿ, ಸ್ವಲ್ಪ ನಡೆದ ಮೇಲೆ ಕಡಿಮೆಯಾಗುತ್ತದೆಯೇ? ಅದು ಹೆಚ್ಚಾಗಿ ಅಂಗಾಲಿನ ಪಟ್ಟಿಯ ಊತ. ಮೊಣಕಾಲ ಚಿಪ್ಪಿನ ಸುತ್ತ, ಅದರಲ್ಲೂ ಮೆಟ್ಟಿಲು ಇಳಿಯುವಾಗ ನೋವೇ? ಓಟಗಾರರಲ್ಲಿ ಬಹಳ ಸಾಮಾನ್ಯ. ದೂರ ಕಡಿಮೆ ಮಾಡಿ, ಸೊಂಟ ಮತ್ತು ತೊಡೆ ಬಲಪಡಿಸಿದರೆ ಹೆಚ್ಚಿನವರಿಗೆ ಹೋಗುತ್ತದೆ.

ಒಂದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮೂಳೆಯ ಮೇಲೆ ಒಂದು ಬೆರಳಿಟ್ಟು "ಇಲ್ಲೇ" ಎಂದು ತೋರಿಸಬಹುದಾದ ನೋವು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಜೋರಾಗುವ ನೋವು, ರಾತ್ರಿ ಮಲಗಿದಾಗಲೂ ಇರುವ ನೋವು. ಇದು ಮೂಳೆ ಬಿರುಕಿನ ಲಕ್ಷಣ ಆಗಿರಬಹುದು. ಶುರುವಿನಲ್ಲಿ ಸಾದಾ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಹೋಗಬಹುದು. ಹಾಗಾಗಿ ಎಕ್ಸ್‌ರೇ ಸರಿ ಇದೆ ಎಂದು ಮತ್ತೆ ಓಡಲು ಹೊರಡಬೇಡಿ. ನೋವು ಹೋಗದಿದ್ದರೆ ವೈದ್ಯರಿಗೆ ಅದನ್ನೇ ಮತ್ತೆ ಒತ್ತಿ ಹೇಳಿ.

ವಾರಕ್ಕೆ ಎರಡು ದಿನ, ಇಪ್ಪತ್ತು ನಿಮಿಷ ಕಾಲಿನ ವ್ಯಾಯಾಮ ಮಾಡಿ. ಬಸ್ಕಿ, ಒಂದು ಕಾಲು ಮುಂದಿಟ್ಟು ಬಗ್ಗಿ ಏಳುವುದು, ಮೆಟ್ಟಿಲಿನ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಮೊಣಕೈ ಮೇಲೆ ಪ್ಲ್ಯಾಂಕ್. ಇಷ್ಟು ಸಾಕು. ನಿದ್ದೆಯನ್ನು ಮಾತ್ರ ಕಡಿಮೆ ಮಾಡಬೇಡಿ. ಮೈ ರಿಪೇರಿಯಾಗುವುದು ಆಗಲೇ.

ಅರ್ಧ ಮ್ಯಾರಥಾನಿಗೆ ತಯಾರಿ

ಮೂವತ್ತು ನಿಮಿಷ ನಿಲ್ಲದೆ ಓಡಲು ಬಂದ ಮೇಲೆ ಒಂದು 5 ಕಿಲೋಮೀಟರ್ ರೇಸಿಗೆ ಹೆಸರು ಕೊಡಿ. ಅದಾದ ಮೇಲೆ 10. ನೇರವಾಗಿ 42 ಕಿಲೋಮೀಟರಿನ ಮ್ಯಾರಥಾನಿಗೆ ಹಾರುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕನಿಷ್ಠ ಒಂದು ವರ್ಷ ತಪ್ಪದೆ ಓಡಿದ ಮೇಲೆ ಮ್ಯಾರಥಾನಿನ ಯೋಚನೆ ಮಾಡಿ. ನಡುವೆ 21.1 ಕಿಲೋಮೀಟರಿನ ಅರ್ಧ ಮ್ಯಾರಥಾನ್ ಇದೆ. ಹೊಸಬರಿಗೆ ಅದಕ್ಕಿಂತ ಒಳ್ಳೆಯ ಗುರಿ ಇಲ್ಲ ಅಂತ ನನ್ನ ಅಭಿಪ್ರಾಯ. ತಯಾರಿ ಗಂಭೀರವಾಗಿ ಮಾಡಬೇಕು, ಆದರೆ ಅದು ಬದುಕನ್ನೇ ನುಂಗುವುದಿಲ್ಲ.

ವಾರದ ಚೌಕಟ್ಟು ಹೀಗಿರಲಿ. ನಾಲ್ಕು ದಿನ ಓಟ. ಅದರಲ್ಲಿ ಎರಡು ದಿನ 5ರಿಂದ 7 ಕಿಲೋಮೀಟರ್ ಮಾತಾಡುವ ವೇಗದಲ್ಲಿ. ಒಂದು ದಿನ ಸ್ವಲ್ಪ ವೇಗದ ಕೆಲಸ. ಇನ್ನೊಂದು ದಿನ ಲಾಂಗ್ ರನ್, ಅಂದರೆ ವಾರದ ಅತಿ ಉದ್ದದ ಓಟ, ಅದೂ ಮಾತಾಡುವ ವೇಗದಲ್ಲೇ. 12 ವಾರದಲ್ಲಿ ಲಾಂಗ್ ರನ್ ಹೀಗೆ ಬೆಳೆಯಲಿ: 8, 9, 10, 8, 11, 13, 14, 11, 16, 18, 12 ಕಿಲೋಮೀಟರ್. ಹನ್ನೆರಡನೇ ವಾರದ ಕೊನೆಗೆ ರೇಸ್. ನಾಲ್ಕನೇ ಮತ್ತು ಎಂಟನೇ ವಾರ ದೂರ ಇಳಿದಿದೆ ನೋಡಿ. ಆ ಇಳಿತವನ್ನು ಬಿಡಬೇಡಿ. ಹಿಂದಿನ ಮೂರು ವಾರದ ಫಲ ಮೈಗೆ ಸೇರುವುದು ಆ ವಾರದಲ್ಲಿ. 21 ಓಡಲು 18 ಸಾಕಾ ಅಂತ ಅನುಮಾನ ಬೇಡ, ಸಾಕು.

ಲಾಂಗ್ ರನ್ನಿನ ಮಹತ್ವ ಗೊತ್ತಾಗಬೇಕಾದರೆ ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ಅವರ ಕೆಲಸ ನೋಡಬೇಕು. ಅವರು ತಮ್ಮ ಓಟಗಾರರಿಂದ ವಾರಕ್ಕೆ 100 ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್ ಓಡಿಸುತ್ತಿದ್ದರು. ಭಾನುವಾರ ಗುಡ್ಡದ ದಾರಿಯಲ್ಲಿ ಸುಮಾರು 35 ಕಿಲೋಮೀಟರಿನ ಓಟ. ಮಜಾ ಏನೆಂದರೆ 800 ಮೀಟರ್ ಓಡುವ ಪೀಟರ್ ಸ್ನೆಲ್ ಕೂಡ ಆ ಗುಂಪಿನಲ್ಲಿ ಇದ್ದರು. ಎರಡು ನಿಮಿಷದೊಳಗೆ ಮುಗಿಯುವ ಓಟಕ್ಕೆ 35 ಕಿಲೋಮೀಟರ್ ಯಾಕೆ ಅಂತ ಅನ್ನಿಸುತ್ತದೆ ಅಲ್ವಾ? 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸಿನಲ್ಲಿ ಸ್ನೆಲ್ 800 ಮೀಟರ್ ಗೆದ್ದರು. ಅದೇ ದಿನ ಲಿಡಿಯಾರ್ಡ್ ಅವರ ಇನ್ನೊಬ್ಬ ಶಿಷ್ಯ ಮರ್ರಿ ಹಾಲ್ಬರ್ಗ್ 5000 ಮೀಟರ್ ಗೆದ್ದರು. ಬುನಾದಿ ಗಟ್ಟಿ ಇದ್ದರೆ ಅದರ ಮೇಲೆ ವೇಗ ಕೂರುತ್ತದೆ ಅನ್ನುವುದನ್ನು ಜಗತ್ತು ಕಲಿತದ್ದು ಇಂಥವರಿಂದ.

ವೇಗದ ದಿನ

ಮೊದಲ ನಾಲ್ಕು ವಾರ ವೇಗದ ದಿನಕ್ಕೆ ದೊಡ್ಡದೇನೂ ಬೇಡ. ಸುಲಭ ಓಟದ ಕೊನೆಗೆ 20 ಸೆಕೆಂಡು ಚುರುಕಾಗಿ ಓಡಿ, ಒಂದು ನಿಮಿಷ ನಡೆಯಿರಿ. ಐದಾರು ಸಲ. ಇದು ಪ್ರಾಣ ಬಿಟ್ಟು ಓಡುವ ಓಟವಲ್ಲ, ಕಾಲಿಗೆ ವೇಗದ ರುಚಿ ತೋರಿಸುವುದು ಅಷ್ಟೇ.

ಐದನೇ ವಾರದಿಂದ ಟೆಂಪೋ ಸೇರಿಸಿ. ಹದಿನೈದು ನಿಮಿಷ ಸುಲಭ ಓಟ, ಆಮೇಲೆ 15ರಿಂದ 20 ನಿಮಿಷ "ಕಷ್ಟ, ಆದರೆ ತಡೆದುಕೊಳ್ಳಬಹುದು" ಅನ್ನುವ ವೇಗ, ಕೊನೆಗೆ ಹತ್ತು ನಿಮಿಷ ಸುಲಭ. ಟೆಂಪೋದಲ್ಲಿ ನಾಲ್ಕೈದು ಪದ ಆಡಬಹುದು, ಕಥೆ ಹೇಳಲು ಆಗುವುದಿಲ್ಲ. ಒಂದು ವಾರ ಟೆಂಪೋ, ಮರು ವಾರ ಇಂಟರ್ವಲ್, ಅಂದರೆ ವೇಗದ ಚಿಕ್ಕ ಓಟಗಳ ನಡುವೆ ನಿಧಾನ ಓಟ, ಮಾಡಬಹುದು. 400 ಮೀಟರಿನ ಟ್ರ್ಯಾಕ್ ಹತ್ತಿರದಲ್ಲಿದ್ದರೆ ಎರಡು ಸುತ್ತು ನಿಮ್ಮ 5 ಕಿಲೋಮೀಟರ್ ರೇಸಿನ ವೇಗದಲ್ಲಿ, ಒಂದು ಸುತ್ತು ನಿಧಾನ. ಹೀಗೆ ಐದು ಸಲ. ಐದನೆಯದು ಮೊದಲನೆಯದರಷ್ಟೇ ವೇಗವಾಗಿ ಬಂದರೆ ಸರಿಯಾಗಿ ಮಾಡಿದಿರಿ ಎಂದು ಲೆಕ್ಕ.

ಇಂಟರ್ವಲ್ ಅಂದರೆ ಎಮಿಲ್ ಝಾಟೊಪೆಕ್ ನೆನಪಾಗದೆ ಇರುವುದಿಲ್ಲ. ಆಗಿನ ಚೆಕೊಸ್ಲೊವಾಕಿಯಾದ ಈ ಓಟಗಾರ 400 ಮೀಟರನ್ನು ಹತ್ತಾರು ಸಲ ಓಡಿ ಓಡಿ ಅಭ್ಯಾಸ ಮಾಡಿದವರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 5000, 10000 ಮೀಟರ್ ಎರಡನ್ನೂ ಗೆದ್ದು, ಜೀವನದಲ್ಲೇ ಮೊದಲ ಸಲ ಮ್ಯಾರಥಾನ್ ಓಡಿ ಅದನ್ನೂ ಗೆದ್ದರು. ಒಂದೇ ಒಲಿಂಪಿಕ್ಸಿನಲ್ಲಿ ಈ ಮೂರನ್ನೂ ಗೆದ್ದವರು ಬೇರೆ ಯಾರೂ ಇಲ್ಲ. ನೀವು ಮಾತ್ರ ವಾರಕ್ಕೆ ಒಂದೇ ದಿನ ಇದನ್ನು ಮಾಡಿ.

ಹೆಚ್ಚಿನವರು ಎಡವುವುದು ಇಲ್ಲೇ. ಸುಲಭದ ದಿನ ಸ್ವಲ್ಪ ಜೋರಾಗಿ ಓಡುತ್ತಾರೆ. ಆ ಸುಸ್ತಿನಿಂದ ವೇಗದ ದಿನ ಕಾಲು ಎದ್ದು ಬರುವುದಿಲ್ಲ. ಎರಡೂ ದಿನ ಒಂದೇ ಅರೆಬರೆ ವೇಗ. ತಿಂಗಳು ಕಳೆದರೂ ಸಮಯ ಕಡಿಮೆಯಾಗುವುದಿಲ್ಲ. ದೊಡ್ಡ ಓಟಗಾರರ ಅಭ್ಯಾಸದ ಲೆಕ್ಕ ಹಾಕಿದ ವಿಜ್ಞಾನಿ ಸ್ಟೀಫನ್ ಸೈಲರ್ ಅವರಿಗೆ ಕಂಡದ್ದು ಏನೆಂದರೆ, ಆ ಓಟಗಾರರ ಅಭ್ಯಾಸದಲ್ಲಿ ಸುಮಾರು 80 ಪಾಲು ಸುಲಭ, ಉಳಿದ 20 ಪಾಲು ಮಾತ್ರ ಕಠಿಣ. ಜಗತ್ತಿನ ಅತಿ ವೇಗದವರೇ ಹೀಗೆ ಮಾಡುವಾಗ ನಮಗೆ ಅವಸರ ಯಾಕೆ?

ಊಟ, ನೀರು

ಮೈಯಲ್ಲಿ ಕೂಡಿಟ್ಟ ಸಕ್ಕರೆ ಅಂಶ ಜೋರಾದ ಓಟಕ್ಕೆ ಒಂದೂವರೆ, ಎರಡು ಗಂಟೆಯವರೆಗೆ ಬರುತ್ತದೆ. ಮ್ಯಾರಥಾನಿನಲ್ಲಿ 30 ಕಿಲೋಮೀಟರ್ ದಾಟಿದ ಮೇಲೆ ಗೋಡೆಗೆ ಗುದ್ದಿದ ಹಾಗೆ ಕಾಲು ನಿಂತುಬಿಡುವುದು ಅದು ಖಾಲಿಯಾದಾಗಲೇ. ಹಾಗಾಗಿ ಒಂದು ಗಂಟೆಗಿಂತ ಕಡಿಮೆ ಓಟಕ್ಕೆ ದಾರಿಯಲ್ಲಿ ತಿನ್ನಲು ಏನೂ ಬೇಡ. ಒಂದೂವರೆ ಗಂಟೆ ಮೀರಿದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಜೆಲ್, ಸಿಹಿ ಪಾನೀಯ, ಬಾಳೆಹಣ್ಣು, ನಿಮ್ಮ ಹೊಟ್ಟೆಗೆ ಒಗ್ಗುವುದು ಯಾವುದಾದರೂ ಸರಿ. ಆದರೆ ಅದನ್ನು ಲಾಂಗ್ ರನ್ನಿನಲ್ಲಿ ಮೊದಲೇ ತಿಂದು ನೋಡಿರಬೇಕು. ರೇಸಿನ ದಿನ ಹೊಸದೇನೂ ಬೇಡ. ಶೂ, ಬಟ್ಟೆ, ತಿಂಡಿ ಯಾವುದೂ ಹೊಸದಿರಬಾರದು.

ನೀರಿನ ಬಗ್ಗೆ ಒಂದು ಎಚ್ಚರಿಕೆ. ಕಡಿಮೆ ಕುಡಿದರೆ ಅಪಾಯ ಎಂದು ಎಲ್ಲರಿಗೂ ಗೊತ್ತು. ಜಾಸ್ತಿ ಕುಡಿದರೂ ಅಪಾಯ ಎಂದು ಹೆಚ್ಚಿನವರಿಗೆ ಗೊತ್ತಿಲ್ಲ. ಬೆವರಿಗಿಂತ ಹೆಚ್ಚು ನೀರು ಒಳಗೆ ಹೋದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಂತಿ, ಗೊಂದಲ ಶುರುವಾಗಿ ಜೀವಕ್ಕೇ ಕುತ್ತು ಬರಬಹುದು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಹೆಚ್ಚು ಹೊತ್ತು ತೆಗೆದುಕೊಂಡು ಮುಗಿಸುವವರಿಗೆ ಇದರ ಅಪಾಯ ಹೆಚ್ಚು. ಬಾಯಾರಿದಾಗ ಕುಡಿಯಿರಿ, ಸುಮ್ನೆ ಸಿಕ್ಕಲ್ಲೆಲ್ಲ ಕುಡಿಯಬೇಡಿ. ರೇಸಿಗೆ ಮುಂಚೆ ನೋವಿನ ಮಾತ್ರೆ ನುಂಗುವ ಅಭ್ಯಾಸವಂತೂ ಬೇಡವೇ ಬೇಡ. ಐಬುಪ್ರೊಫೆನ್‌ನಂಥ ಮಾತ್ರೆ ಬಿಸಿಲು ಮತ್ತು ಬೆವರಿನ ಜೊತೆ ಸೇರಿದರೆ ಮೂತ್ರಪಿಂಡಕ್ಕೆ ಹೊರೆ.

ರೇಸಿನ ವಾರ, ರೇಸಿನ ದಿನ

ಕೊನೆಯ ಹತ್ತು ದಿನ ದೂರ ಇಳಿಸುತ್ತಾ ಬನ್ನಿ. ಮ್ಯಾರಥಾನ್ ಆದರೆ ಎರಡು, ಮೂರು ವಾರ ಮೊದಲೇ ಇಳಿಸಬೇಕು. ಇದಕ್ಕೆ ಟೇಪರ್ ಅನ್ನುತ್ತಾರೆ. ಆಗ ಕಾಲು ಭಾರ ಅನ್ನಿಸುತ್ತದೆ, ಇಲ್ಲದ ನೋವು ಕಾಣಿಸಿಕೊಳ್ಳುತ್ತದೆ, ತಯಾರಿ ಸಾಲದೇನೋ ಅಂತ ಭಯವಾಗುತ್ತದೆ. ಎಲ್ಲರಿಗೂ ಹಾಗೇ. ಆ ಭಯಕ್ಕೆ ಹೆದರಿ ಕೊನೆ ವಾರ ಒಂದು ದೊಡ್ಡ ಓಟ ಓಡಿಬಿಡಬೇಡಿ.

ಗುರಿಯ ಸಮಯ ಹೇಗೆ ಲೆಕ್ಕ ಹಾಕುವುದು? ಇತ್ತೀಚಿನ 10 ಕಿಲೋಮೀಟರ್ ಸಮಯವನ್ನು 2.2ರಿಂದ ಗುಣಿಸಿ. 10 ಕಿಲೋಮೀಟರನ್ನು 60 ನಿಮಿಷಕ್ಕೆ ಓಡುವವರು ಅರ್ಧ ಮ್ಯಾರಥಾನನ್ನು ಸುಮಾರು 2 ಗಂಟೆ 12 ನಿಮಿಷಕ್ಕೆ, ಅಂದರೆ ಕಿಲೋಮೀಟರಿಗೆ 6 ನಿಮಿಷ 15 ಸೆಕೆಂಡಿನಂತೆ ಓಡಬಹುದು. ಇದೇ ಲೆಕ್ಕದಲ್ಲಿ ಮ್ಯಾರಥಾನಿಗೆ 4.6ರಿಂದ ಗುಣಿಸಬೇಕು. ಮೊದಲ ಸಲದವರು ಆ ಸಮಯಕ್ಕೆ ಇನ್ನೂ ಸ್ವಲ್ಪ ಸೇರಿಸಿಕೊಳ್ಳುವುದು ಒಳ್ಳೆಯದು.

ಹಿಂದಿನ ರಾತ್ರಿ ನಿದ್ದೆ ಬರದಿದ್ದರೆ ಚಿಂತೆ ಬೇಡ, ಅದರ ಹಿಂದಿನ ರಾತ್ರಿ ಚೆನ್ನಾಗಿ ಮಲಗಿ. ಬಿಬ್ (ಎದೆಗೆ ಸಿಕ್ಕಿಸುವ ಓಟದ ನಂಬರ್), ಪಿನ್ನು, ಶೂ, ಕಾಲುಚೀಲ ರಾತ್ರಿಯೇ ಜೋಡಿಸಿಡಿ. ಓಟಕ್ಕೆ ಎರಡು, ಮೂರು ಗಂಟೆ ಮೊದಲು ಒಗ್ಗಿದ ತಿಂಡಿ ಸ್ವಲ್ಪ ತಿನ್ನಿ. ತೊಡೆ, ಕಂಕುಳು ಉಜ್ಜುವ ಕಡೆ ವ್ಯಾಸ್‌ಲೀನ್ ಹಚ್ಚಿ.

ಇನ್ನು ಓಟ. ಮೊದಲ ಕಿಲೋಮೀಟರಿನಲ್ಲಿ ನೂರಾರು ಜನ ನಿಮ್ಮನ್ನು ದಾಟಿ ಹೋಗುತ್ತಾರೆ. ಸಂಗೀತ, ಚಪ್ಪಾಳೆ, ಮೈಯಲ್ಲಿ ವಿಶ್ರಾಂತಿಯ ಹುರುಪು. ಕಾಲು ತಾನಾಗಿ ಓಡುತ್ತದೆ. ತಡೆಯಿರಿ. ಮೊದಲ 5 ಕಿಲೋಮೀಟರನ್ನು ಗುರಿಯ ವೇಗಕ್ಕಿಂತ ಕಿಲೋಮೀಟರಿಗೆ ಹತ್ತು ಸೆಕೆಂಡು ನಿಧಾನ ಓಡಿ. ಪಕ್ಕದವರ ಜೊತೆ ಎರಡು ಮಾತು ಆಡಿ ನೋಡಿ, ಆಡಲು ಆಗಬೇಕು. 6ರಿಂದ 15ರವರೆಗೆ ಗುರಿಯ ವೇಗ. 15 ದಾಟಿದ ಮೇಲೆ ಉಳಿದದ್ದನ್ನು ಖರ್ಚು ಮಾಡಿ. ಮೊದಲ ಅರ್ಧಕ್ಕಿಂತ ಎರಡನೇ ಅರ್ಧ ವೇಗವಾಗಿ ಓಡುವುದು ದೊಡ್ಡವರಿಗೂ ಸುಲಭದ ಮಾತಲ್ಲ. ಆದರೆ ಒಳ್ಳೆಯ ಓಟಗಳು ಹಾಗೇ ಬಂದಿವೆ. ಕೀನ್ಯಾದ ಕೆಲ್ವಿನ್ ಕಿಪ್ಟಮ್ 2023ರ ಲಂಡನ್ ಮ್ಯಾರಥಾನಿನ ಮೊದಲ ಅರ್ಧವನ್ನು 61 ನಿಮಿಷ 40 ಸೆಕೆಂಡಿಗೂ, ಎರಡನೇ ಅರ್ಧವನ್ನು 59 ನಿಮಿಷ 45 ಸೆಕೆಂಡಿಗೂ ಓಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಚಿಕಾಗೋದಲ್ಲಿ 2:00:35ಕ್ಕೆ ಮುಗಿಸಿ ವಿಶ್ವದಾಖಲೆ ಮಾಡಿದಾಗಲೂ ಎರಡನೇ ಅರ್ಧವೇ ವೇಗದ್ದು. ನಾಲ್ಕು ತಿಂಗಳಲ್ಲಿ, 24ನೇ ವಯಸ್ಸಿಗೆ, ರಸ್ತೆ ಅಪಘಾತದಲ್ಲಿ ಅವರು ಹೋಗಿಬಿಟ್ಟರು. ಓಟ ಪ್ರೀತಿಸುವವರಿಗೆ ಆ ನೋವು ಇನ್ನೂ ಆರಿಲ್ಲ.

ಕೈಗಡಿಯಾರದ ಜಿಪಿಎಸ್ ಕೊನೆಗೆ 21.3 ಅಥವಾ 21.4 ತೋರಿಸಿದರೆ ದಾರಿ ತಪ್ಪಾಗಿ ಅಳೆದಿದ್ದಾರೆ ಅಂದುಕೊಳ್ಳಬೇಡಿ. ಮಾನ್ಯತೆ ಪಡೆದ ದಾರಿಯನ್ನು ತಿರುವುಗಳ ಒಳ ಅಂಚಿನಲ್ಲಿ, ಅತಿ ಹತ್ತಿರದ ದಾರಿಯಾಗಿ ಸೈಕಲ್ಲಿನಿಂದ ಅಳೆಯುತ್ತಾರೆ. ದೂರ ಕಡಿಮೆ ಬೀಳಬಾರದೆಂದು ಸಾವಿರ ಮೀಟರಿಗೆ ಒಂದು ಮೀಟರ್ ಹೆಚ್ಚೇ ಸೇರಿಸುತ್ತಾರೆ. ನಾವು ಜನರ ನಡುವೆ ಆಚೆ ಈಚೆ ಸರಿದು ಓಡುತ್ತೇವೆ. ಹಾಗಾಗಿ ಲೆಕ್ಕವನ್ನು ರಸ್ತೆಬದಿಯ ಕಿಲೋಮೀಟರ್ ಫಲಕ ನೋಡಿ ಹಾಕಿ.

ಮುಗಿದ ಮೇಲೆ ತಟ್ಟನೆ ಕೂರಬೇಡಿ, ಹತ್ತು ನಿಮಿಷ ನಡೆಯಿರಿ. ಒಣ ಬಟ್ಟೆ ಹಾಕಿಕೊಂಡು ಒಂದು ಗಂಟೆಯೊಳಗೆ ಏನಾದರೂ ತಿನ್ನಿ. ಒಂದು ವಾರ ನಡಿಗೆ ಮತ್ತು ಹಗುರ ಓಟ ಮಾತ್ರ. ಮ್ಯಾರಥಾನ್ ಆಗಿದ್ದರೆ ಎರಡು, ಮೂರು ವಾರ.

ಇದನ್ನೇ ಬದುಕಾಗಿಸಿಕೊಳ್ಳುವವರಿಗೆ

ಕೆಲವರಿಗೆ, ಅದರಲ್ಲೂ ಹದಿಹರೆಯದಲ್ಲೇ ವೇಗ ಕಾಣಿಸಿಕೊಂಡವರಿಗೆ, ಮುಂದಿನ ದಾರಿಯ ಆಸೆ ಇರುತ್ತದೆ. ಆ ದಾರಿ ಉದ್ದ. 42.195 ಕಿಲೋಮೀಟರನ್ನು 2:00:35ಕ್ಕೆ ಓಡಬೇಕಾದರೆ ಟ್ರ್ಯಾಕಿನ ಒಂದು ಸುತ್ತನ್ನು ಸುಮಾರು 68.6 ಸೆಕೆಂಡಿಗೆ ಓಡಬೇಕು. ಅಂಥ ಸುಮಾರು ನೂರೈದೂವರೆ ಸುತ್ತು, ಒಂದರ ಹಿಂದೆ ಒಂದು. ಪ್ಯಾರಿಸ್ 2024 ಒಲಿಂಪಿಕ್ಸಿಗೆ ನೇರ ಅರ್ಹತೆಯ ಮ್ಯಾರಥಾನ್ ಸಮಯ ಗಂಡಸರಿಗೆ 2:08:10, ಹೆಂಗಸರಿಗೆ 2:26:50 ಇತ್ತು.

ಮ್ಯಾರಥಾನಿಗೆ ಅವಸರ ಬೇಡ. ಕೀನ್ಯಾದ ಎಲಿಯುಡ್ ಕಿಪ್‌ಚೋಗೆ 2003ರಲ್ಲಿ ಹದಿಹರೆಯದಲ್ಲೇ 5000 ಮೀಟರ್ ವಿಶ್ವ ಚಾಂಪಿಯನ್ ಆದರು. ಮೊದಲ ಮ್ಯಾರಥಾನ್ ಓಡಿದ್ದು 2013ರಲ್ಲಿ. ನಡುವೆ ಹತ್ತು ವರ್ಷ. ಆ ಹತ್ತು ವರ್ಷದ ಮೇಲೆ ನಿಂತು ಅವರು 2016 ಮತ್ತು 2021ರಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದರು. 2019ರಲ್ಲಿ ವಿಯೆನ್ನಾದಲ್ಲಿ 1:59:40ಕ್ಕೆ ಮ್ಯಾರಥಾನ್ ದೂರ ಮುಗಿಸಿದರು. ಸರದಿಯಲ್ಲಿ ಬಂದು ಗಾಳಿ ತಡೆದ ಜೊತೆ ಓಟಗಾರರು ಇದ್ದದ್ದರಿಂದ ಅದು ದಾಖಲೆಗೆ ಸೇರಲಿಲ್ಲ. ಮಕ್ಕಳನ್ನು ಹದಿನಾಲ್ಕು, ಹದಿನೈದಕ್ಕೇ ಉದ್ದ ರಸ್ತೆ ಓಟಕ್ಕೆ ತಳ್ಳಬೇಡಿ. 1500, 3000 ಓಡಲಿ, ಬೇರೆ ಆಟವನ್ನೂ ಆಡಲಿ. ಮೂಳೆ ಬಲಿಯಲಿ.

ಒಬ್ಬ ಒಳ್ಳೆಯ ಕೋಚ್, ಒಂದು ಓಟದ ಗುಂಪು, ಮಾನ್ಯತೆ ಪಡೆದ ಕ್ರೀಡಾಕೂಟಗಳಲ್ಲಿ ದಾಖಲಾದ ಸಮಯ. ಈ ಮೂರಿಲ್ಲದೆ ಮುಂದೆ ಹೋಗುವುದು ಕಷ್ಟ. ಕೋಚ್ ಆರಿಸುವಾಗ ಅವರ ಗೆದ್ದ ಶಿಷ್ಯರನ್ನಷ್ಟೇ ನೋಡಬೇಡಿ. ಐದು ವರ್ಷದ ಹಿಂದೆ ಅವರ ಹತ್ತಿರ ಇದ್ದವರು ಈಗಲೂ ಓಡುತ್ತಿದ್ದಾರಾ ಅಂತ ಕೇಳಿ.

ತೂಕ ಇಳಿಸು ಇಳಿಸು ಎಂದು ಹುಡುಗಿಯರನ್ನು ಕಾಡುವ ಕೋಚ್‌ಗಳಿಂದ ದೂರ ಇರಿ. ಓಡುವಷ್ಟಕ್ಕೆ ತಕ್ಕ ಊಟ ಸಿಗದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸೊರಗುತ್ತದೆ, ಬಿರುಕು ಬರುತ್ತದೆ. ಮುಟ್ಟು ನಿಂತರೆ ಅದು ಫಿಟ್‌ನೆಸ್ಸಿನ ಗುರುತು ಅನ್ನುವುದು ಶುದ್ಧ ತಪ್ಪು. ತಕ್ಷಣ ವೈದ್ಯರ ಹತ್ತಿರ ಹೋಗಬೇಕು. ಹುಡುಗರಿಗೂ ಊಟದ ಕೊರತೆಯಿಂದ ಇಂಥದ್ದೇ ತೊಂದರೆ ಆಗುತ್ತದೆ, ಆದರೆ ಹೊರಗೆ ಬೇಗ ಕಾಣುವುದಿಲ್ಲ.

ಮೇಲಿನ ಹಂತಕ್ಕೆ ಹೋದವರು ಡೋಪಿಂಗ್ (ನಿಷೇಧಿತ ಮದ್ದು ಬಳಸುವುದು) ನಿಯಮಗಳನ್ನು ಬಾಯಿಪಾಠ ಮಾಡಿರಬೇಕು. ಪರೀಕ್ಷಾ ಪಟ್ಟಿಗೆ ಹೆಸರು ಸೇರಿದರೆ ಪ್ರತಿ ದಿನ ಒಂದು ಗಂಟೆ ಎಲ್ಲಿ ಇರುತ್ತೀರಿ ಎಂದು ಮೊದಲೇ ತಿಳಿಸಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಮದ್ದು ಮುಟ್ಟದಿದ್ದರೂ ನಿಷೇಧ ಬೀಳಬಹುದು. ಮೈಯಲ್ಲಿ ಸಿಕ್ಕ ವಸ್ತುವಿಗೆ ಓಟಗಾರರೇ ಹೊಣೆ. ಯಾರು ಕೊಟ್ಟರು, ಡಬ್ಬಿಯ ಮೇಲೆ ಏನು ಬರೆದಿತ್ತು ಎಂದು ಹೇಳಿ ಜಾರಿಕೊಳ್ಳಲು ಆಗುವುದಿಲ್ಲ. ಪ್ರೋಟೀನ್ ಡಬ್ಬಿಯಲ್ಲೂ ಬೇಡದ್ದು ಬೆರೆತಿರಬಹುದು. ನೆಗಡಿಗೆ ಮಾತ್ರೆ ಕೊಳ್ಳುವಾಗಲೂ ಒಳಗಿರುವ ಔಷಧದ ಹೆಸರನ್ನು ನಿಷೇಧಿತ ಪಟ್ಟಿಯಲ್ಲಿ ಹುಡುಕಿ ನೋಡಿ. ಆ ಪಟ್ಟಿ ಪ್ರತಿ ವರ್ಷ ಜನವರಿ 1ಕ್ಕೆ ಹೊಸದಾಗುತ್ತದೆ. ಹಳೆಯ ಪಟ್ಟಿ ಇಟ್ಟುಕೊಂಡಿದ್ದರೆ ಅಂದೇ ಅಳಿಸಿ ಹಾಕಿ.